ಮೂರು ಹಿಡಿ ಮಣ್ಣು

ಈ ವಿಷಯ ಬರೆಯಬೇಕು ಅಂದುಕೊಂಡು ಎಷ್ಟು ಸಲ ಬಿಟ್ಟಿದ್ದೇನೋ ಲೆಕ್ಕವಿಲ್ಲ. ಎರಡು ಸಾಲು ಟೈಪ್ ಮಾಡೋದು, ಅಳಿಸೋದು, ಲ್ಯಾಪ್‌ಟಾಪ್ ಮುಚ್ಚೋದು... ಇದೇ ಆಗಿತ್ತು. ಹೋದ ತಿಂಗಳು ಊರಿಗೆ ಹೋದಾಗ ದೊಡ್ಡಮ್ಮ ಒಂದು ಪ್ರಶ್ನೆ ಕೇಳಿದರು. ಆಗ ನಾನು ನಿಜ ಹೇಳಲಿಲ್ಲ. ಇಲ್ಲಾದರೂ ಹೇಳೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮೂರು ತಿಪಟೂರಿನ ಹತ್ತಿರ. ಸಂಜೆ ಹೊತ್ತು ದೊಡ್ಡಮ್ಮ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದಷ್ಟು ಕಾಯಿ ಮುಂದೆ ಹಾಕಿಕೊಂಡು, ಸುಲಿದ ಹಾಗೆ ಮಾಡುತ್ತಾ ಮೊಬೈಲ್ ನೋಡುತ್ತಿದ್ದೆ. ಅದೂ ಇದೂ ಮಾತಿನ ಮಧ್ಯೆ, ಮೊರದಿಂದ ತಲೆ ಎತ್ತದೆ ಕೇಳಿದರು.

"ಅಲ್ಲ ಕಣಪ್ಪ, ಅವತ್ತು ಸುಡುಗಾಡಲ್ಲಿ ಮುಖ ತೋರಿಸ್ತಿದ್ರಂತಲ್ಲ, ಹೌದೇನೋ?"

ಯಾರು ಹೇಳಿದ್ದು ಅಂದೆ. ಹಿಂದಿನ ಬೀದಿಯ ಒಬ್ಬರ ಗಂಡ ಅದೇ ತಿಂಗಳಲ್ಲಿ ತೀರಿಕೊಂಡಿದ್ದರು. ಅವರಿಗೆ ಚೀಲದ ಜಿಪ್ ಸ್ವಲ್ಪ ಇಳಿಸಿ, ದೂರದಿಂದ ಮುಖ ತೋರಿಸಿದರಂತೆ. "ನಮಗ್ಯಾಕೆ ತೋರಿಸ್ಲಿಲ್ಲ ಮಗಾ?" ಅಂದರು. ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬಸ್ಸು ಯಾಕೆ ತಡವಾಯ್ತು ಅಂತ ಕೇಳಿದ ಹಾಗೆ ಕೇಳಿದರು.

"ಒಂದೊಂದು ಕಡೆ ಒಂದೊಂದು ಥರ ಇತ್ತು ದೊಡ್ಡಮ್ಮ" ಅಂದು ಎದ್ದು ಒಳಗೆ ಹೋದೆ.

ಅದು ಸುಳ್ಳು. ನಮ್ಮನ್ನೂ ಕೇಳಿದ್ದರು. ಬೇಡ ಅಂದವನು ನಾನು.

*

2021ರ ಮಾರ್ಚ್‌ನಲ್ಲಿ ದೊಡ್ಡಪ್ಪನ ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ಇಬ್ಬರೂ ಬೆಂಗಳೂರಿನ ನನ್ನ ಬಾಡಿಗೆ ಮನೆಗೆ ಬಂದಿದ್ದರು. ದೊಡ್ಡಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ನನಗೆ ಮಗ್ಗಿ ಕಲಿಸಿದವರು. ಇಂಜಿನಿಯರಿಂಗ್ ಸೀಟು ಸಿಕ್ಕಾಗ ಕೊಬ್ಬರಿ ಮಾರಿದ ದುಡ್ಡನ್ನ ಹಾಗೇ ತಂದು ಅಪ್ಪನ ಕೈಗೆ ಇಟ್ಟವರು. ದಿನಾ ಬೆಳಗ್ಗೆ ಆರು ಗಂಟೆಗೆ ಸ್ಟೀಲ್ ಬಟ್ಟಲಲ್ಲಿ ಬಿಸಿನೀರು ಇಟ್ಟುಕೊಂಡು ಗಡ್ಡ ಕೆರೆದುಕೊಳ್ಳಬೇಕು ಅವರಿಗೆ. ನನ್ನ ಮನೆಯ ಬಾಲ್ಕನಿಯಲ್ಲೂ ಅದು ತಪ್ಪಲಿಲ್ಲ. "ಗಡ್ಡ ಬಿಟ್ಕೊಂಡು ಮಕ್ಕಳ ಮುಂದೆ ನಿಂತ್ರೆ ಏನ್ ಕಲೀತಾವೆ" ಅನ್ನುತ್ತಿದ್ದರು, ರಿಟೈರ್ ಆಗಿ ಎಷ್ಟೋ ವರ್ಷವಾಗಿದ್ದರೂ.

ಏಪ್ರಿಲ್ ಕೊನೆಗೆ ಮೊದಲು ನನಗೆ ಜ್ವರ. ಆಮೇಲೆ ಅವರಿಬ್ಬರಿಗೂ. ನನ್ನದು ಮೂರು ದಿನಕ್ಕೆ ಇಳಿಯಿತು. ದೊಡ್ಡಮ್ಮನದು ಮನೆಯಲ್ಲೇ ಹೋಯಿತು. ದೊಡ್ಡಪ್ಪನ ಆಕ್ಸಿಜನ್ ಮಾತ್ರ 94, 91, 87 ಅಂತ ಇಳಿಯುತ್ತಾ ಹೋಯಿತು. ಆ ದಿನಗಳು ನಿಮಗೆಲ್ಲ ನೆನಪಿರುತ್ತೆ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನದ ಹೊಸ ಕೇಸುಗಳು 50 ಸಾವಿರ ದಾಟಿದ್ದವು. ಹೇಗೋ ಹಾಸಿಗೆ ಸಿಕ್ಕಿತು. ಒಂಬತ್ತು ದಿನ ಇದ್ದರು. ಹತ್ತನೇ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಫೋನ್ ಬಂತು.

ಅಪ್ಪ ಊರಲ್ಲಿ ಪಾಸಿಟಿವ್ ಆಗಿ ಒಂದು ರೂಮಲ್ಲಿ ಇದ್ದರು. ದೊಡ್ಡಪ್ಪನಿಗೆ ಒಬ್ಬಳೇ ಮಗಳು, ನಮ್ಮಕ್ಕ. ಅವಳು ಪುಣೆಯಲ್ಲಿ, ಎಂಟು ತಿಂಗಳ ಗರ್ಭಿಣಿ. ಹಾಗಾಗಿ ಗಂಡುಮಗನ ಜಾಗದಲ್ಲಿ ನಿಲ್ಲಬೇಕಾದವನು ಇಪ್ಪತ್ತನಾಲ್ಕು ವರ್ಷದ ನಾನು. ಅಲ್ಲಿಯವರೆಗೆ ನಾನು ಯಾರ ಹೆಣಕ್ಕೂ ಹೆಗಲು ಕೊಟ್ಟವನಲ್ಲ.

ನಮ್ಮ ಕಡೆ ಸುಡೋದಿಲ್ಲ, ಮಣ್ಣು ಮಾಡ್ತಾರೆ. ತೋಟದಲ್ಲಿ ತಾತನ ಸಮಾಧಿ ಇದೆ, ಅದರ ಪಕ್ಕದಲ್ಲೇ ಜಾಗ ಬಿಟ್ಟಿದ್ದಾರೆ. ಊರಿಗೆ ತರ್ತೀವಿ ಅಂತ ಅಪ್ಪ ರೂಮಿನೊಳಗಿಂದಲೇ ನಾಲ್ಕು ಜನಕ್ಕೆ ಫೋನ್ ಮಾಡಿದರು. ಊರವರು ಹೆದರಿದ್ದರು. ಆ ವಾರ ಊರಲ್ಲಿ ಮೂರು ಸಾವು ಆಗಿದ್ದವು. "ಮೇಷ್ಟ್ರು ನಮಗೂ ಮೇಷ್ಟ್ರೇ ಕಣಣ್ಣ, ಆದ್ರೆ ಈಗ ತರಬೇಡಿ" ಅಂದರಂತೆ. ಸ್ವಂತ ಜಮೀನಿನಲ್ಲಿ ಕೋವಿಡ್ ಶವಗಳ ಅಂತ್ಯಸಂಸ್ಕಾರ ಮಾಡಲು ಸರ್ಕಾರ ಏಪ್ರಿಲ್‌ನಲ್ಲೇ ಅನುಮತಿ ಕೊಟ್ಟಿತ್ತು. ಆದರೆ ಆದೇಶ ಇದ್ದರೆ ಸಾಕಾ? ಗುಂಡಿ ತೋಡೋರು ಬೇಕಲ್ಲ.

ಕೊನೆಗೆ ವಿದ್ಯುತ್ ಚಿತಾಗಾರ. ಟೋಕನ್. ನಮ್ಮ ಮುಂದೆ ಹನ್ನೊಂದು ಆಂಬುಲೆನ್ಸ್. ತಾವರೆಕೆರೆ ಹತ್ತಿರದ ಗಿಡ್ಡೇನಹಳ್ಳಿಯ ಹಳೇ ಕಲ್ಲುಕ್ವಾರಿಯಲ್ಲಿ ಬಯಲಲ್ಲೇ ಸಾಲು ಚಿತೆ ಉರಿಯುತ್ತಿದ್ದ ಕಾಲ ಅದು. ಅದಕ್ಕೆ ಹೋಲಿಸಿದರೆ ನಮ್ಮದು ಪುಣ್ಯ ಅಂತ ಡ್ರೈವರ್ ಹೇಳಿದ. ಐದು ಜನಕ್ಕಿಂತ ಹೆಚ್ಚು ಬರಬಾರದು ಅಂದಿದ್ದರು. ನಾವಿದ್ದದ್ದೇ ಮೂರು ಜನ: ನಾನು, ದೊಡ್ಡಮ್ಮ, ಕಾರು ಓಡಿಸಿಕೊಂಡು ಬಂದ ನನ್ನ ಗೆಳೆಯ. ದೊಡ್ಡಮ್ಮನನ್ನ ಗೇಟಿನ ಹೊರಗೆ ಕಾರಿನಲ್ಲೇ ಕೂರಿಸಿ, ಗಾಜು ಏರಿಸಿ, "ಇಳೀಬೇಡಿ" ಅಂತ ಹೇಳಿ ಒಳಗೆ ಹೋದೆ.

ಐದು ಗಂಟೆ ಕಾದ ಮೇಲೆ ನಮ್ಮ ನಂಬರ್ ಬಂತು. ಅಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು, ಸೆಕೆಗೆ ಪಿಪಿಇ ಕಿಟ್ಟಿನ ಮೇಲ್ಭಾಗ ಸೊಂಟದವರೆಗೆ ಇಳಿಸಿಕೊಂಡು ನಿಂತಿದ್ದವರು, ಅದನ್ನ ಮತ್ತೆ ಏರಿಸಿಕೊಳ್ಳುತ್ತಾ ಕೇಳಿದರು.

"ಸಾರ್, ಮುಖ ನೋಡೋರು ಯಾರಾದ್ರೂ ಇದ್ರೆ ಕರ್ಕೊಂಬನ್ನಿ. ದೂರ ನಿಂತು ನೋಡ್ಬೇಕು, ಮುಟ್ಟಂಗಿಲ್ಲ. ಎರಡು ನಿಮಿಷ ಅಷ್ಟೇ."

ನಾನು ಯೋಚನೆ ಮಾಡಲಿಲ್ಲ. "ಬೇಡಣ್ಣ, ರಿಸ್ಕ್ ಬೇಡ" ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಚೀಲವನ್ನ ಟ್ರಾಲಿ ಮೇಲೆ ಹಾಕಿದರು. ನಾನು ಪುಣೆಗೆ ವಿಡಿಯೋ ಕಾಲ್ ಮಾಡಿ ಫೋನ್ ಹಿಡಿದುಕೊಂಡಿದ್ದೆ. ಅಕ್ಕನಿಗೆ ಕಂಡಿದ್ದು ಒಂದು ಬಿಳಿ ಚೀಲ, ಅದರ ಮೇಲೆ ಮಾರ್ಕರ್‌ನಲ್ಲಿ ಬರೆದ ಹೆಸರು. ಹೆಸರಿನ ಕಾಗುಣಿತ ತಪ್ಪಿತ್ತು. ಜೀವಮಾನವಿಡೀ ಮಕ್ಕಳ ಕಾಗುಣಿತ ತಿದ್ದಿದ ಮನುಷ್ಯ...

*

ನಮ್ಮೂರಲ್ಲಿ ಯಾರ ಸಾವಿಗಾದರೂ ಹೋಗಿ ಬಂದರೆ "ಮಣ್ಣಿಗೆ ಹೋಗಿದ್ವಿ" ಅಂತಾರೆ. ಮದುವೆಗೆ ತಪ್ಪಿಸಿಕೊಂಡರೂ ಕ್ಷಮೆ ಇದೆ, ಮಣ್ಣಿಗೆ ತಪ್ಪಿಸಿಕೊಂಡರೆ ಇಲ್ಲ. ಹೆಣಕ್ಕೆ ನೀರು ಹಾಕಬೇಕು, ಹೊಸ ಬಟ್ಟೆ ಹೊದಿಸಬೇಕು, ತಮಟೆ ಬರಬೇಕು, ದೂರದ ನೆಂಟರು ಬರೋವರೆಗೆ ಕಾಯಬೇಕು. ಗುಂಡಿಗೆ ಇಳಿಸಿದ ಮೇಲೆ ಬಂದವರೆಲ್ಲ ಸಾಲಾಗಿ ಬಂದು ಮೂರು ಹಿಡಿ ಮಣ್ಣು ಹಾಕಬೇಕು. ಮೂರನೇ ದಿನ ಹಾಲು ತುಪ್ಪ. ಹನ್ನೊಂದನೇ ದಿನ ತಿಥಿ, ಊಟ. ಚಿಕ್ಕವನಿದ್ದಾಗ ನನಗೆ ಇದೆಲ್ಲ ಗಲಾಟೆ ಅನಿಸುತ್ತಿತ್ತು. ಈಗ ಅನಿಸೋದು, ಸತ್ತಿದ್ದಾರೆ ಅನ್ನೋದನ್ನ ಮನಸ್ಸಿಗೆ ತಿಳಿಸೋಕೆ ಹಿರಿಯರು ಮಾಡಿಟ್ಟ ಮೆಟ್ಟಿಲುಗಳು ಇವು. ಒಂದೊಂದೇ ಇಳೀಬೇಕು. ಮುಖ ನೋಡೋದು ಮೊದಲ ಮೆಟ್ಟಿಲು.

ದೊಡ್ಡಮ್ಮನಿಗೆ ಆ ಮೊದಲ ಮೆಟ್ಟಿಲೇ ಸಿಗಲಿಲ್ಲ. ಆಸ್ಪತ್ರೆಗೆ ಹೋಗುವಾಗ ಆಂಬುಲೆನ್ಸಿನ ಬಾಗಿಲು ಮುಚ್ಚಿದಾಗ ನೋಡಿದ್ದೇ ಕೊನೆ. ಎಷ್ಟೋ ತಿಂಗಳು ಅವರು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಪಾವು ಜಾಸ್ತಿ ಹಾಕಿ, ಮತ್ತೆ ತೆಗೆಯುತ್ತಿದ್ದರು ಅಂತ ಅಮ್ಮ ಹೇಳುತ್ತಿದ್ದಳು.

*

ಒಂದು ವರ್ಷದ ಮೇಲೆ, ಬೇರೇನೋ ಹುಡುಕುತ್ತಾ ಇದ್ದಾಗ, ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಕಣ್ಣಿಗೆ ಬಿತ್ತು. ಕೋವಿಡ್‌ನಿಂದ ತೀರಿಕೊಂಡವರ ಶವವನ್ನ ಹೇಗೆ ನಿರ್ವಹಿಸಬೇಕು ಅನ್ನೋದರ ಬಗ್ಗೆ. ದಿನಾಂಕ ನೋಡಿ ಎದೆ ಧಸಕ್ ಅಂತು. 15 ಮಾರ್ಚ್ 2020. ಅಂದರೆ ಮೊದಲ ಲಾಕ್‌ಡೌನ್‌ಗೂ ಮುಂಚೆ. ದೊಡ್ಡಪ್ಪ ಹೋಗುವ ಹೊತ್ತಿಗೆ ಅದಕ್ಕೆ ಒಂದು ವರ್ಷ ದಾಟಿತ್ತು. ಅದರಲ್ಲಿ ಏನಿತ್ತು ಅಂತ ನನ್ನ ಮಾತಲ್ಲೇ ಹೇಳ್ತೀನಿ.

ಸೋರದ ಚೀಲ ಬಳಸಬೇಕು, ಚೀಲದ ಹೊರಮೈಯನ್ನ ಶೇಕಡಾ 1ರ ಹೈಪೋಕ್ಲೋರೈಟ್‌ನಿಂದ ಒರೆಸಬೇಕು. ಚಿತಾಗಾರದಲ್ಲಿ ಸಿಬ್ಬಂದಿ ಮುಖದ ಕಡೆಯ ಜಿಪ್ ಇಳಿಸಿ, ಮನೆಯವರಿಗೆ ಕೊನೇ ಸಲ ನೋಡಲು ಬಿಡಬಹುದು. ಮಂತ್ರ, ಪ್ರಾರ್ಥನೆ ಓದಬಹುದು. ತೀರ್ಥ ಚಿಮುಕಿಸಬಹುದು. ಶವ ಮುಟ್ಟದೆ ಮಾಡಬಹುದಾದ ಯಾವ ಶಾಸ್ತ್ರವನ್ನೂ ಮಾಡಬಹುದು. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು, ಮುತ್ತಿಡುವುದು ಬೇಡ. ಮುಗಿದ ಮೇಲೆ ಎಲ್ಲರೂ ಕೈ ತೊಳೆಯಬೇಕು. ಬೂದಿಯಿಂದ ಯಾವ ಅಪಾಯವೂ ಇಲ್ಲ, ತೆಗೆದುಕೊಂಡು ಹೋಗಬಹುದು.

ಜನ ಸೇರುವುದು ಬೇಡ ಅಂತಲೂ ಇತ್ತು. ಅದಕ್ಕೆ ಕೊಟ್ಟ ಕಾರಣ ನೋಡಿ: ಹತ್ತಿರದ ಸಂಬಂಧಿಕರಲ್ಲೇ ಯಾರಿಗಾದರೂ ಸೋಂಕು ಇದ್ದು, ಅವರಿಂದ ಹರಡಬಹುದು. ಅಂದರೆ ಸತ್ತವರಿಂದ ಅಲ್ಲ, ಬಂದವರಿಂದ!

ಈಗ ಯೋಚಿಸಿದರೆ ಎಷ್ಟು ಸರಳ. ಕೋವಿಡ್ ಮುಖ್ಯವಾಗಿ ಹರಡುವುದು ಉಸಿರಿನಿಂದ. ಕೆಮ್ಮು, ಸೀನು, ಮಾತು, ಅಳು, ಹಾಡು. ಸತ್ತವರು ಉಸಿರಾಡುವುದಿಲ್ಲ. ಉಸಿರಾಡುವವರು ಸುತ್ತ ನಿಂತ ನಾವು. ಶವದಿಂದ ಕೋವಿಡ್ ಬಂದ ಪುರಾವೆ ಅಲ್ಲಿಯವರೆಗೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಹೇಳಿತ್ತು. ಶವಪರೀಕ್ಷೆ ಮಾಡುವವರಿಗೆ, ಶವ ಎತ್ತಿಳಿಸುವವರಿಗೆ ಎಚ್ಚರಿಕೆ ಬೇಕೇ ಬೇಕು, ಅದು ಬೇರೆ ಮಾತು. ಆರಡಿ ದೂರ ನಿಂತು ಮುಖ ನೋಡುವ ಹೆಂಡತಿಗೆ ಯಾವ ಅಪಾಯ?

ಹಾಗಂತ ಸಾವಿನ ಮನೆಗಳಿಂದ ಕೋವಿಡ್ ಹರಡಲೇ ಇಲ್ಲ ಅಂತ ಅಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಆಲ್ಬನಿ ಅಂತ ಒಂದು ಸಣ್ಣ ಊರು. 2020ರ ಫೆಬ್ರವರಿ ಕೊನೆಯಲ್ಲಿ ಅಲ್ಲಿ ನಡೆದ ಅಂತ್ಯಕ್ರಿಯೆಗೆ ತುಂಬಾ ಜನ ಸೇರಿದ್ದರು. ಅಪ್ಪಿಕೊಂಡರು, ಅತ್ತರು, ಜೊತೆಗೆ ಊಟ ಮಾಡಿದರು. ಮುಂದಿನ ಕೆಲವೇ ವಾರಗಳಲ್ಲಿ ಆ ಊರು ಅಮೆರಿಕದಲ್ಲೇ ಅತಿ ಹೆಚ್ಚು ಪೆಟ್ಟು ತಿಂದ ಜಾಗಗಳಲ್ಲಿ ಒಂದಾಯಿತು. ಹರಡಿದ್ದು ಬದುಕಿದ್ದವರಿಂದ ಬದುಕಿದ್ದವರಿಗೆ.

ಇದನ್ನೆಲ್ಲ ಓದಿದ ಮೇಲೆ ನನ್ನನ್ನ ತಿಂದಿದ್ದು ಇನ್ನೊಂದು ವಿಷಯ. ನಾವು ಮೂರೂ ಜನ ಒಂದೇ ಮನೆಯಲ್ಲಿ, ಒಂದೇ ಗಾಳಿಯಲ್ಲಿ ಇದ್ದವರು. ಅವರು ಜ್ವರದಲ್ಲಿ ನರಳುವಾಗ ದೊಡ್ಡಮ್ಮ ಪಕ್ಕದಲ್ಲೇ ಕೂತು ಹಣೆ ಒರೆಸಿದ್ದರು, ಗಂಜಿ ಕುಡಿಸಿದ್ದರು. ಅವರಿಗೂ ಬಂದು, ವಾಸಿಯಾಗಿತ್ತು. ವೈರಸ್ ಇದ್ದಾಗ ಮುಟ್ಟಿದವರನ್ನ, ಉಸಿರು ನಿಂತ ಮೇಲೆ ನೋಡೋಕೂ ಬಿಡಲಿಲ್ಲ ನಾನು.

ಯಾಕೆ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಅಭ್ಯಾಸ ಇದೆ. ಯಾವುದು ಸುರಕ್ಷಿತ ಅಂತ ಗೊತ್ತಿಲ್ಲವೋ ಅದನ್ನ ಮುಚ್ಚಿಡು. ಫೈರ್‌ವಾಲ್‌ಗೆ ಅದು ಸರಿ. ನಾನು ಮಾಡಿದ್ದೂ ಅದನ್ನೇ. ವಾಟ್ಸಾಪಿನಲ್ಲಿ ಬಂದ ನೂರು ಮೆಸೇಜು ಓದಿದ್ದೆ, ಆ ಸರ್ಕಾರಿ ಕಾಗದ ಓದಿರಲಿಲ್ಲ. ಆ ಕೆಲಸದವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ಅಷ್ಟೊಂದು ಶವಗಳ ಮಧ್ಯೆ, ಅಷ್ಟು ಸುಸ್ತಿನಲ್ಲೂ, ಎರಡು ನಿಮಿಷ ಕೊಡ್ತೀನಿ ಅಂದರು. ಬಿ.ಇ. ಮಾಡಿದ ನಾನು ಬೇಡ ಅಂದೆ.

*

ಆಮೇಲೆ ಇದೇ ಒಂದು ಹುಚ್ಚಾಯಿತು ನನಗೆ. ಬೇರೆ ರೋಗಗಳಲ್ಲಿ, ಬೇರೆ ದೇಶಗಳಲ್ಲಿ ಏನು ಮಾಡಿದರು ಅಂತ ಓದೋಕೆ ಶುರು ಮಾಡಿದೆ. ಓದುತ್ತಾ ಹೋಗಿ ತಲುಪಿದ್ದು ಪಶ್ಚಿಮ ಆಫ್ರಿಕಾಕ್ಕೆ.

2014ರಿಂದ 2016ರವರೆಗೆ ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾ ದೇಶಗಳಲ್ಲಿ ಎಬೋಲಾ ಬಂದಿತ್ತು. 11 ಸಾವಿರಕ್ಕೂ ಹೆಚ್ಚು ಜನ ಸತ್ತರು. ಎಬೋಲಾ ಕೋವಿಡ್ ಥರ ಅಲ್ಲ. ಅದು ಹರಡುವುದು ರಕ್ತ, ವಾಂತಿ, ಬೆವರು ಇಂಥ ದೇಹದ ದ್ರವಗಳಿಂದ. ಸಾಯುವ ಹೊತ್ತಿಗೆ ದೇಹದ ತುಂಬ ವೈರಸ್ ಇರುತ್ತದೆ. ಅಲ್ಲಿ ಹೆಣ ನಿಜವಾಗಿಯೂ ಅಪಾಯ. ಅಲ್ಲಿನ ಜನರಿಗೂ ನಮ್ಮ ಹಾಗೇ ಹೆಣಕ್ಕೆ ಸ್ನಾನ ಮಾಡಿಸಬೇಕು, ಮುಟ್ಟಿ ಕಳಿಸಬೇಕು. ಸಿಯೆರಾ ಲಿಯೋನ್‌ನಲ್ಲಿ ರೋಗ ಹಬ್ಬಿದ್ದನ್ನ ಹಿಂದಕ್ಕೆ ಹುಡುಕಿಕೊಂಡು ಹೋದವರು ಒಬ್ಬ ನಾಟಿ ವೈದ್ಯೆಯ ಅಂತ್ಯಕ್ರಿಯೆಗೆ ಬಂದು ನಿಂತರು. ಹೊಸ ಸೋಂಕುಗಳಲ್ಲಿ ಕನಿಷ್ಠ ಶೇಕಡಾ 20ರಷ್ಟು ಅಂತ್ಯಕ್ರಿಯೆಯಲ್ಲೇ ತಗಲುತ್ತಿವೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರ ನವೆಂಬರ್‌ನಲ್ಲಿ ಹೇಳಿತು.

ಮೊದಮೊದಲು ಅಲ್ಲೂ ನಾನು ಮಾಡಿದ್ದನ್ನೇ ಮಾಡಿದರು. ಮೈತುಂಬ ಬಟ್ಟೆ ಹಾಕಿಕೊಂಡ ತಂಡ ಬರೋದು, ಚೀಲಕ್ಕೆ ಹಾಕೋದು, ಎತ್ತಿಕೊಂಡು ಹೋಗೋದು. ಎಲ್ಲಿ ಹೂತರು ಅಂತ ಎಷ್ಟೋ ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ. ಪರಿಣಾಮ? ಜನ ಹೆಣ ಬಚ್ಚಿಟ್ಟರು. ರೋಗಿಗಳನ್ನ ಬಚ್ಚಿಟ್ಟರು. ರಾತ್ರಿ ಹೊತ್ತು ಗುಟ್ಟಾಗಿ ಸ್ನಾನ ಮಾಡಿಸಿ ಹೂತರು. ಹೂಳುವ ತಂಡದವರ ಮೇಲೆ ಹಲ್ಲೆಗಳಾದವು. ಸುರಕ್ಷತೆಗೆ ಅಂತ ಮಾಡಿದ್ದೇ ರೋಗ ಹರಡೋಕೆ ದಾರಿಯಾಯಿತು.

ಲೈಬೀರಿಯಾದ್ದು ಇನ್ನೊಂದು ಕಥೆ. ಸ್ಮಶಾನ ಸಾಲದೆ, ರಾಜಧಾನಿ ಮನ್ರೋವಿಯಾದಲ್ಲಿ ಎಲ್ಲ ಹೆಣಗಳನ್ನೂ ಸುಡಬೇಕು ಅಂತ 2014ರ ಆಗಸ್ಟ್‌ನಲ್ಲಿ ಸರ್ಕಾರ ಆದೇಶ ಮಾಡಿತು. ಸುಡೋದು ಅವರಿಗೆ ಗೊತ್ತೇ ಇಲ್ಲದ ಪದ್ಧತಿ. ಸುಡೋದು ಎಲ್ಲಿ? ಅಲ್ಲಿದ್ದ ಭಾರತೀಯರು ತಮ್ಮವರಿಗಾಗಿ ಕಟ್ಟಿಕೊಂಡಿದ್ದ ಚಿತಾಗಾರದಲ್ಲಿ! ಇದನ್ನ ಓದಿ ಸುಮ್ಮನೆ ಕೂತೆ ಸ್ವಲ್ಪ ಹೊತ್ತು. ಅಲ್ಲಿನ ಒಂದಷ್ಟು ಜನಕ್ಕೆ ಮೋಕ್ಷ ಕೊಡುವ ಬೆಂಕಿಯೇ ಉಳಿದವರಿಗೆ ದೊಡ್ಡ ಅವಮಾನ. ಬೂದಿಯನ್ನ ಡ್ರಮ್ಮುಗಳಲ್ಲಿ ತುಂಬಿಟ್ಟಿದ್ದರು, ಯಾರದು ಯಾವುದು ಗೊತ್ತಿಲ್ಲ. ವರ್ಷದ ಕೊನೆಗೆ ಆ ಆದೇಶ ನಿಂತು, ಹೂಳುವುದಕ್ಕೆ ಹೊಸ ಜಾಗ ಕೊಟ್ಟರು.

ಇದರ ಮಧ್ಯೆ ವಿಶ್ವ ಆರೋಗ್ಯ ಸಂಸ್ಥೆಯವರು ಮಾನವಶಾಸ್ತ್ರಜ್ಞರು, ರೆಡ್‌ಕ್ರಾಸ್, ಕ್ರೈಸ್ತ ಮತ್ತು ಮುಸ್ಲಿಂ ಧಾರ್ಮಿಕ ಸಂಘಟನೆಗಳು ಎಲ್ಲರ ಜೊತೆ ಕೂತು ನಿಯಮಾವಳಿಯನ್ನ ಹೊಸದಾಗಿ ಬರೆದರು. ಅಲ್ಲಿಯವರೆಗೆ ಮಾತೆಲ್ಲ ಸುರಕ್ಷತೆಯದ್ದೇ ಆಗಿತ್ತು, ಈಗ ಅದರ ಪಕ್ಕದಲ್ಲಿ 'ಗೌರವಯುತ' ಅನ್ನೋ ಮಾತೂ ಬಂದು ಕೂತಿತು. ತಂಡ ಬಂದ ಕೂಡಲೇ ಕಿಟ್ ಹಾಕಿಕೊಂಡು ನುಗ್ಗಬಾರದು, ಮೊದಲು ಮಾಮೂಲಿ ಬಟ್ಟೆಯಲ್ಲೇ ಮನೆಯವರ ಜೊತೆ ಮಾತಾಡಬೇಕು. ಮುಸ್ಲಿಮರಿಗೆ ನೀರಿನ ಸ್ನಾನದ ಬದಲು ಮಣ್ಣಿನಿಂದ ಮಾಡುವ ಒಣ ಶುದ್ಧಿ, ಬಿಳಿ ಬಟ್ಟೆ ಹೊದಿಸಲು ಅವಕಾಶ. ಗುಂಡಿ ತೋಡುವುದರಲ್ಲಿ ಮನೆಯವರು ಸೇರಬಹುದು. ಚೀಲದಲ್ಲಿದ್ದ ಹೆಣವನ್ನ ತರಬೇತಿ ಪಡೆದವರು ಇಳಿಸಿದ ಮೇಲೆ, ಗುಂಡಿ ಮುಚ್ಚುವುದನ್ನ ಮನೆಯವರಿಗೇ ಬಿಡಬೇಕು.

ಗುಂಡಿ ಮುಚ್ಚುವುದನ್ನ ಮನೆಯವರಿಗೇ ಬಿಡಬೇಕು. ಅಂದರೆ ನಮ್ಮೂರಿನ ಮೂರು ಹಿಡಿ ಮಣ್ಣು! ಹೆಣ ಮುಟ್ಟಿದರೆ ಸಾವೇ ತಗಲಬಹುದಾದ ರೋಗದಲ್ಲೂ ಅದಕ್ಕೊಂದು ದಾರಿ ಹುಡುಕಿದ್ದರು. ಹಾಗೆ ಮಾಡಿದ ಮೇಲೆ ಜನ ಬಾಗಿಲು ತೆಗೆದರು, ತಂಡವನ್ನ ತಾವೇ ಕರೆದರು. ನಾನು ಇಷ್ಟು ದಿನ ಸುರಕ್ಷತೆ ಬೇಕಾದರೆ ಗೌರವ ಬಿಡಬೇಕು ಅಂದುಕೊಂಡಿದ್ದೆ. ಅಲ್ಲಿ ಆದದ್ದು ಉಲ್ಟಾ, ಗೌರವ ಕೊಟ್ಟ ಮೇಲೇ ಸುರಕ್ಷತೆ ಬಂತು.

ಆ ಪಾಠ ಜಗತ್ತಿಗೆ ಗೊತ್ತಿದ್ದೂ 2020ರಲ್ಲಿ ಎಷ್ಟು ಬೇಗ ಮರೆತೆವು ನೋಡಿ. ಪಕ್ಕದ ಶ್ರೀಲಂಕಾದಲ್ಲಿ ಕೋವಿಡ್‌ನಿಂದ ಸತ್ತವರನ್ನೆಲ್ಲ ಸುಡಲೇಬೇಕು ಅಂತ ಏಪ್ರಿಲ್‌ನಲ್ಲಿ ಆದೇಶ ಬಂತು, ಹೂತರೆ ಅಂತರ್ಜಲ ಕೆಡುತ್ತದೆ ಅನ್ನೋ ಕಾರಣ ಕೊಟ್ಟು. ಅದಕ್ಕೆ ವೈಜ್ಞಾನಿಕ ಆಧಾರ ಇರಲಿಲ್ಲ. ಮುಸ್ಲಿಂ ಕುಟುಂಬಗಳು 2021ರ ಫೆಬ್ರವರಿವರೆಗೆ ಕಾಯಬೇಕಾಯಿತು. 2024ರಲ್ಲಿ ಅಲ್ಲಿನ ಸರ್ಕಾರವೇ ಕ್ಷಮೆ ಕೇಳಿತು. ನಮ್ಮಲ್ಲೇ, 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯ ವಿಡಿಯೋ ನೋಡಿದ್ದೀರಿ. ಒಂದೇ ಗುಂಡಿಗೆ ಒಂದರ ಮೇಲೊಂದು ಹೆಣ ಎಸೆದದ್ದು. ಜಿಲ್ಲಾಡಳಿತ ಕ್ಷಮೆ ಕೇಳಿತು. ಅವತ್ತು ನಾನೂ ಆ ವಿಡಿಯೋ ಶೇರ್ ಮಾಡಿ "ಛೆ, ಮನುಷ್ಯತ್ವ ಇಲ್ವಾ" ಅಂತ ಬರೆದಿದ್ದೆ. ಎಸೆದವರನ್ನ ಎಸೆಯೋ ಹಾಗೆ ಮಾಡಿದ್ದೂ ಇದೇ ಭಯ. ಅದೇ ಭಯ ಮುಂದಿನ ವರ್ಷ ನನ್ನ ಬಾಯಲ್ಲಿ "ರಿಸ್ಕ್ ಬೇಡ" ಅಂತ ಬಂತು.

*

ಬೂದಿಯ ವಿಷಯ ಹೇಳಿ ಮುಗಿಸ್ತೀನಿ.

ಮಾರನೇ ದಿನ ಹೋಗಿ ಮಡಕೆ ತಂದೆ. ಅಲ್ಲಿ ಕಪಾಟಿನ ತುಂಬ ಮಡಕೆಗಳು, ಮೇಲೆ ಟೋಕನ್ ನಂಬರ್. ತುಂಬಾ ಜನ ತೆಗೆದುಕೊಂಡು ಹೋಗೋಕೆ ಬಂದೇ ಇರಲಿಲ್ಲ. ಕೆಲವರಿಗೆ ಭಯ, ಕೆಲವರ ಮನೆಯಲ್ಲಿ ಎದ್ದು ಓಡಾಡೋರೇ ಇರಲಿಲ್ಲ. 2021ರ ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ, ಯಾರೂ ಒಯ್ಯದ 560 ಜನರ ಅಸ್ಥಿಯನ್ನ ಸರ್ಕಾರದ ವತಿಯಿಂದಲೇ ಬಿಟ್ಟರು. ಆ ಸುದ್ದಿ ಬಂದಾಗ ನಮ್ಮ ಮಡಕೆ ನನ್ನ ಮನೆಯ ಬಾಲ್ಕನಿಯಲ್ಲಿ, ದೊಡ್ಡಪ್ಪ ಗಡ್ಡ ಮಾಡಿಕೊಳ್ಳುತ್ತಿದ್ದ ಜಾಗದಲ್ಲೇ, ಬಿಳಿ ಬಟ್ಟೆ ಕಟ್ಟಿ ಕೂತಿತ್ತು.

ಜೂನ್ ಕೊನೆಗೆ ಊರಿಗೆ ತೆಗೆದುಕೊಂಡು ಹೋದೆವು. ಬೂದಿಗೆ ಏನು ಮಾಡಬೇಕು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ, ನಮ್ಮಲ್ಲಿ ಸುಟ್ಟ ಪದ್ಧತಿಯೇ ಇಲ್ಲವಲ್ಲ. ಹೊಳೆಗೆ ಬಿಡಿ ಅಂದರು ಒಬ್ಬರು. ದೊಡ್ಡಮ್ಮ "ಹೊಳೆಗ್ಯಾಕೆ, ಅವರಪ್ಪನ ಪಕ್ಕದಲ್ಲಿ ಜಾಗ ಐತಲ್ಲ" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಗುಂಡಿ ತೋಡೋಕೆ ಹಾರೆ ಗುದ್ದಲಿ ತಂದವರು ಯಾರು ಗೊತ್ತಾ? ಅವತ್ತು "ತರಬೇಡಿ" ಅಂದವರೇ. ಮಾತಾಡಲಿಲ್ಲ, ತೋಡಿದರು. ಮೊಣಕಾಲುದ್ದದ ಗುಂಡಿ ಸಾಕಾಗಿತ್ತು, ಅವರು ಆಳುದ್ದ ತೋಡಿದರು. ಜನ ಬಂದರು, ಮಾಸ್ಕ್ ಹಾಕಿಕೊಂಡು, ತೆಂಗಿನ ಮರಕ್ಕೊಬ್ಬರಂತೆ ದೂರ ದೂರ ನಿಂತರು. ಒಬ್ಬೊಬ್ಬರೇ ಬಂದು ಮೂರು ಹಿಡಿ ಮಣ್ಣು ಹಾಕಿ, ಪಂಪ್‌ಸೆಟ್ ನೀರಲ್ಲಿ ಕೈ ತೊಳೆದು ಹೋದರು. ಊಟ ಇಟ್ಟಿರಲಿಲ್ಲ. ದೊಡ್ಡಮ್ಮ ಮೇಲೆ ಹಾಲು ತುಪ್ಪ ಬಿಟ್ಟರು. ಅಕ್ಕ ಪುಣೆಯಿಂದ ವಿಡಿಯೋದಲ್ಲಿ, ಮಡಿಲಲ್ಲಿ ಹದಿನೈದು ದಿನದ ಕೂಸು. ಒಟ್ಟು ಅರ್ಧ ಗಂಟೆ. ನಲವತ್ತು ಜನ ಬಂದು ಹೋಗಿರಬಹುದು. ಯಾರಿಗೂ ಏನೂ ಆಗಲಿಲ್ಲ.

ಆ ಅರ್ಧ ಗಂಟೆ ನೆನೆಸಿಕೊಂಡೇ ಹೇಳೋದು. ಇನ್ನೊಂದು ಮಹಾಮಾರಿ ಬರೋದು ಬೇಡ, ಬಂದರೆ ಮಾತ್ರ ಇಷ್ಟು ನೆನಪಿಟ್ಟುಕೊಳ್ಳೋಣ. ಮೊದಲು ಕೇಳಬೇಕಾದ ಪ್ರಶ್ನೆ, ರೋಗ ಹೇಗೆ ಹರಡುತ್ತೆ? ಉಸಿರಿನಿಂದಾದರೆ ಬಯಲಲ್ಲಿ, ಕಡಿಮೆ ಜನ, ಕಡಿಮೆ ಹೊತ್ತು, ಮಾಸ್ಕ್, ಸಾಮೂಹಿಕ ಊಟ ಬೇಡ, ಜ್ವರ ಇದ್ದವರು ಬರೋದು ಬೇಡ. ಮುಟ್ಟಿದರೆ ಹರಡುವಂಥದ್ದಾದರೆ ಮುಟ್ಟುವ ಕೆಲಸ ಕಲಿತವರಿಗೇ ಬಿಡಬೇಕು, ಆದರೆ ಮನೆಯವರ ಕಣ್ಣೆದುರಲ್ಲೇ ಮಾಡಿಸಬೇಕು. ಎರಡರಲ್ಲೂ, ಮಾಡಬಾರದ್ದರ ಪಟ್ಟಿ ಹಿಡಿದುಕೊಂಡು ಬಂದವರ ಹತ್ತಿರ ಮಾಡಬಹುದಾದ್ದರ ಪಟ್ಟಿಯನ್ನೂ ಕೇಳಬೇಕು. ಅದು ಇದ್ದೇ ಇರುತ್ತೆ. ಮತ್ತೆ, ಬೇಡ ಅನ್ನುವ ಮುಂಚೆ ಕಾರಿನಲ್ಲಿ ಕೂತವರನ್ನ ಒಂದು ಮಾತು ಕೇಳಬೇಕು.

ಇದನ್ನ ಇಲ್ಲಿ ಹಾಕುವ ಮುಂಚೆ ದೊಡ್ಡಮ್ಮನಿಗೆ ಹೇಳಲೇಬೇಕು ಅನಿಸಿತು. ಭಾನುವಾರ ಫೋನ್ ಮಾಡಿದೆ. ಮಳೆ, ಕೊಬ್ಬರಿ ರೇಟು, ಅಕ್ಕನ ಮಗು, ಎಲ್ಲ ಆಯಿತು. ಕೊನೆಗೆ ಹೇಳಿದೆ.

"ದೊಡ್ಡಮ್ಮ, ಅವತ್ತು ನಮ್ಮನ್ನೂ ಕೇಳಿದ್ರು. ನಾನೇ ಬೇಡ ಅಂದೆ. ನಿಮ್ಮನ್ನ ಕೇಳ್ಲೂ ಇಲ್ಲ."

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಹಿಂದೆ ಎಲ್ಲೋ ಟಿವಿ ಸದ್ದು.

"ನಿಂಗೆ ಎಷ್ಟಾಗಿತ್ತು ಆಗ ವಯಸ್ಸು?"

"ಇಪ್ಪತ್ನಾಲ್ಕು."

"ಹೂಂ" ಅಂದರು. ಆಮೇಲೆ ಕೇಳಿದರು, "ಆಸ್ಪತ್ರೇಲಿ ಗಡ್ಡ ಗಿಡ್ಡ ಮಾಡ್ಸಿದ್ರೇನೋ ಅವ್ರಿಗೆ?"

ಗೊತ್ತಿಲ್ಲ ದೊಡ್ಡಮ್ಮ ಅಂದೆ. ನಾನೂ ನೋಡಿರಲಿಲ್ಲ.